ಬಿ.ಎ. ತರಗತಿಯಲ್ಲಿ ಮನಃಶಾಸ್ತ್ರದ ಜೊತೆಗೆ ಧರ್ಮಗಳ ಅಧ್ಯಯನಕ್ಕೂ ಜಾಗ ಕೊಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಮತ್ತು ಪದವಿ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ ನಮಸ್ಕಾರಗಳು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಬಿ.ಎ. ಓದುವ ಮಕ್ಕಳು ಮನಃಶಾಸ್ತ್ರದ ಜೊತೆಗೆ ಧರ್ಮಗಳ ಅಧ್ಯಯನವನ್ನೂ ಒಂದು ಐಚ್ಛಿಕ ವಿಷಯವಾಗಿ ಆಯ್ದುಕೊಳ್ಳಲು ಅವಕಾಶ ಕೊಡಿ. ಎರಡನ್ನೂ ಕನ್ನಡದಲ್ಲಿ ಕಲಿಸುವ ಏರ್ಪಾಡು ಮಾಡಿ. ಎರಡೂ ಸೇರುವ ಕಡೆ ಒಂದು ಪತ್ರಿಕೆಯನ್ನೂ ಒಂದು ಕ್ಷೇತ್ರಕಾರ್ಯವನ್ನೂ ಇಡಿ. ನಾನು ಗದಗ ಭಾಗದಲ್ಲಿ ಪದವಿ ತರಗತಿಗಳಿಗೆ ಮನಃಶಾಸ್ತ್ರ ಕಲಿಸುತ್ತಾ ಬಂದವಳು. ತರಗತಿಯಲ್ಲಿ ವರ್ಷವರ್ಷವೂ ಉತ್ತರ ಸಿಗದೆ ಉಳಿಯುವ ಪ್ರಶ್ನೆಗಳೇ ನನ್ನಿಂದ ಈ ಪತ್ರ ಬರೆಸುತ್ತಿವೆ.

ಅಂಥ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ. ಅಸಹಜ ಮನಃಶಾಸ್ತ್ರದ ಪಾಠ ನಡೆದಿತ್ತು. ಕರಿಹಲಗೆಯ ಮೇಲೆ ಮನೋರೋಗಗಳ ವರ್ಗೀಕರಣ ಬರೆದಿದ್ದೆ. ಸವಣೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಮ್ಮ ಚಿಗವ್ವನ ಮೈಮೇಲೆ ಹುಣ್ಣಿಮೆಗೊಮ್ಮೆ ದೇವಿ ಬರುತ್ತಾಳೆ. ಆಗ ಅವಳ ದನಿಯೇ ಬೇರೆಯಾಗುತ್ತದೆ, ನಮ್ಮಪ್ಪನನ್ನು ಹೆಸರು ಹಿಡಿದು ಕರೆಯುತ್ತಾಳೆ. ಊರವರು ಬಂದು ಮಳೆ ಕೇಳುತ್ತಾರೆ, ಮದುವೆ ಕೇಳುತ್ತಾರೆ. ಮರುದಿನ ಎದ್ದು ಎಂದಿನಂತೆ ರೊಟ್ಟಿ ಬಡಿಯುತ್ತಾಳೆ. ಈ ಪಟ್ಟಿಯಲ್ಲಿ ಅವಳು ಎಲ್ಲಿ ಬರುತ್ತಾಳೆ?" ಅವನು ಕೂರುವ ಮೊದಲೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: "ನಮ್ಮ ಅಕ್ಕನಿಗೂ ಹಾಗೇ ಆಗುತ್ತಿತ್ತು ಮೇಡಂ. ಆದರೆ ಅವಳು ಮರುದಿನ ಏಳುತ್ತಿರಲಿಲ್ಲ. ಊಟ ಬಿಟ್ಟಳು, ಹೆತ್ತ ಕೂಸನ್ನು ಎತ್ತಿಕೊಳ್ಳಲಿಲ್ಲ. ಅಲ್ಲಿ ಇಲ್ಲಿ ಕಟ್ಟು ಹಾಕಿಸಿ, ತಾಯತ ಕಟ್ಟಿಸಿ, ಕೊನೆಗೆ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದರು."

ಈ ಇಬ್ಬರೂ ಹೇಳಿದ್ದರಲ್ಲಿ ಒಂದು ಇಡೀ ಸೆಮಿಸ್ಟರಿನ ಪಾಠವಿದೆ. ಚಿಗವ್ವನ ವಿಷಯ ಬೇರೆ, ಅಕ್ಕನ ವಿಷಯ ಬೇರೆ. ಹೊರನೋಟಕ್ಕೆ ಎರಡೂ ಒಂದೇ: ದನಿ ಬದಲಾಗುವುದು, ಕಣ್ಣು ಮೇಲಾಗುವುದು, ಮೈ ನಡುಗುವುದು. ಬೇರೆ ಮಾಡುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಮೈಮೇಲೆ ಬರುವ ಸ್ಥಿತಿಗೆ ಎಫ್ 44.3 ಎಂಬ ಸಂಕೇತವಿದೆ. ಅಲ್ಲಿಯೇ ಒಂದು ಕಟ್ಟುನಿಟ್ಟಾದ ಮಾತೂ ಇದೆ. ಆ ಸ್ಥಿತಿ ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ಬಂದು, ಧಾರ್ಮಿಕ ಅಥವಾ ಸಮುದಾಯ ಒಪ್ಪಿಕೊಂಡ ಸಂದರ್ಭದ ಹೊರಗೆ ದಿನನಿತ್ಯದ ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ ಅದನ್ನು ರೋಗವೆಂದು ಗುರುತಿಸಬೇಕು. ಈಗಿನ ಹನ್ನೊಂದನೆಯ ಆವೃತ್ತಿಯೂ ಈ ಷರತ್ತನ್ನು ಬಿಟ್ಟಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಭ್ರಮೆಯನ್ನು ವಿವರಿಸುವಾಗಲೂ ಇದೇ ಎಚ್ಚರ ವಹಿಸಿತ್ತು: ವ್ಯಕ್ತಿಯ ಸಮುದಾಯದವರು ಸಹಜವಾಗಿ ಒಪ್ಪುವ ನಂಬಿಕೆಯನ್ನು, ಉದಾಹರಣೆಗೆ ಧರ್ಮಶ್ರದ್ಧೆಗೆ ಸೇರಿದ್ದನ್ನು, ಭ್ರಮೆ ಎಂದು ಕರೆಯುವ ಹಾಗಿಲ್ಲ.

ಅಂದ ಮೇಲೆ ಯಾವ ಸಂದರ್ಭವನ್ನು ಯಾವ ಸಮುದಾಯ ಒಪ್ಪುತ್ತದೆ ಎಂಬುದನ್ನು ಅರಿಯದವರು ರೋಗ ಯಾವುದು, ಆಚರಣೆ ಯಾವುದು ಎಂದು ಹೇಳಲಾರರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಹೋಗುವವರು ಯಾರು, ಮೊಹರಂನ ಅಲಾಯಿ ಹಬ್ಬದಲ್ಲಿ ಪಂಜಾ ಹೊರುವವನಿಗೆ ಊರು ಯಾವ ಸ್ಥಾನ ಕೊಡುತ್ತದೆ, ಗದ್ದುಗೆಗೆ ದೀಡು ನಮಸ್ಕಾರ ಹಾಕುವ ಹೆಂಗಸು ಯಾವ ಹರಕೆ ಹೊತ್ತಿರಬಹುದು: ಇವೆಲ್ಲ ರೋಗ ಪತ್ತೆಯ ಕೆಲಸಕ್ಕೇ ಬೇಕಾದ ತಿಳಿವಳಿಕೆ. ನಮ್ಮ ಮನಃಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಒಂದು ಪುಟವೂ ಮೀಸಲಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಏನಿದೆ ಎಂಬುದನ್ನು ಕಣ್ಣಾರೆ ಕಂಡವರು ತಮ್ಮಲ್ಲಿ ಹಲವರಿದ್ದೀರಿ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಉಪಕರಣವಿದೆ. ಬಾಣದ ತುದಿ ಒಳಗೆ ಮಡಚಿದರೆ ಗೆರೆ ಚಿಕ್ಕದಾಗಿ, ಹೊರಗೆ ಚಾಚಿದರೆ ಉದ್ದವಾಗಿ ಕಾಣುವ ಮುಲ್ಲರ್-ಲಯರ್ ಹಲಗೆಯಿದೆ. ಪ್ರತಿಕ್ರಿಯೆಯ ವೇಗ ಅಳೆಯುವ ಗಡಿಯಾರವಿದೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದಾಗಿನಿಂದ ಮನಸ್ಸನ್ನು ಅಳತೆಗೆ ತರುವ ಈ ಶಿಸ್ತು ಬೆಳೆದುಬಂದಿದೆ. ಮಕ್ಕಳು ರೆಕಾರ್ಡ್ ಪುಸ್ತಕ ಬರೆಯುತ್ತಾ ತಾಳ್ಮೆ ಕಲಿಯುತ್ತಾರೆ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವುದನ್ನು ಕಲಿಯುತ್ತಾರೆ. ಆದರೆ ಅದೇ ಶಿಸ್ತನ್ನು ಹಿಡಿದುಕೊಂಡು ಕಾಲೇಜಿನ ಗೇಟಿನಿಂದ ಹೊರಗೆ ಹೋಗಿ, ತಮ್ಮದೇ ಊರಿನ ದೇವರ ಕಟ್ಟೆಯ ಮುಂದೆ ಕುಳಿತು ಗಮನಿಸಿ ಬರೆಯಲು ಅವರಿಗೆ ಯಾರೂ ಹೇಳಿಕೊಡುವುದಿಲ್ಲ.

ಧರ್ಮ ಮನಃಶಾಸ್ತ್ರಕ್ಕೆ ಹೊರಗಿನ ವಸ್ತು ಎಂದು ಯಾರಾದರೂ ವಾದಿಸಿದರೆ ಆ ಶಾಸ್ತ್ರದ ಇತಿಹಾಸವನ್ನು ಅವರು ಇನ್ನೊಮ್ಮೆ ತಿರುವಿ ನೋಡಬೇಕು. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳ ವಸ್ತುವೇ ಧಾರ್ಮಿಕ ಅನುಭವ. ಪಶ್ಚಾತ್ತಾಪ, ಮತಾಂತರ, ಅನುಭಾವಿಗಳ ಆನಂದ, ಪಾಪಭೀತಿಯಿಂದ ಕುಸಿದ ಮನಸ್ಸು ಎಲ್ಲವನ್ನೂ ಅವರು ಗೇಲಿ ಮಾಡದೆ, ಕಣ್ಮುಚ್ಚಿ ಒಪ್ಪದೆ ಪರಿಶೀಲಿಸಿದರು. ನಮ್ಮ ದೇಶದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ 1916ರಲ್ಲಿ ಮನಃಶಾಸ್ತ್ರ ವಿಭಾಗ ತೆರೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ವಿಭಾಗ ಕಟ್ಟಿದರು. ಅದೇ ಪ್ರಾಧ್ಯಾಪಕರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನೂ ಶುರು ಮಾಡಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಕಲಿತದ್ದನ್ನು ಜನರ ಮನೆಗೆ ತಲುಪಿಸಬೇಕೆಂಬ ಹಂಬಲ ಕನ್ನಡ ನಾಡಿನ ಮನಃಶಾಸ್ತ್ರದ ಹುಟ್ಟಿನಲ್ಲಿಯೇ ಇತ್ತು. ಈಗ ಅದು ನಾಲ್ಕು ಗೋಡೆಯೊಳಗೆ ಉಳಿದಿದೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ಇನ್ನು ನಮ್ಮ ನೆಲದ ಮಾತು. ಮನಸ್ಸು ಮತ್ತು ಧರ್ಮ ಎರಡನ್ನೂ ಒಟ್ಟಿಗೆ ಓದಲು ಧಾರವಾಡ ಸೀಮೆಗಿಂತ ಹದವಾದ ಜಾಗ ಎಲ್ಲಿದೆ? ಬ್ರಿಟಿಷರ ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ ಇಂದು ಡಿಮ್ಹಾನ್ಸ್ ಎಂದು ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದಲ್ಲಿದೆ. "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ಹೀಯಾಳಿಸುವ ಮಾತು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಇಂದಿಗೂ ಉಳಿದಿದೆ, ಆ ಮಾತಿಗೆ ಹೆದರಿ ಚಿಕಿತ್ಸೆ ತಪ್ಪಿಸಿಕೊಂಡವರ ಮನೆಗಳನ್ನು ನಾನು ಬಲ್ಲೆ. ಅಲ್ಲಿಂದ ಹುಬ್ಬಳ್ಳಿಗೆ ಬಂದರೆ 1929ರಲ್ಲಿ ಸಮಾಧಿಸ್ಥರಾದ ಸಿದ್ಧಾರೂಢರ ಮಠದಲ್ಲಿ ಮನಸ್ಸಿನ ನೆಮ್ಮದಿಗಾಗಿಯೇ ಬಂದು ದಿನಗಟ್ಟಲೆ ಉಳಿಯುವವರಿದ್ದಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಮುಸ್ಲಿಂ ಮನೆಯಲ್ಲಿ 1819ರಲ್ಲಿ ಹುಟ್ಟಿ ಬ್ರಾಹ್ಮಣ ಗುರು ಗೋವಿಂದ ಭಟ್ಟರಿಂದ ದೀಕ್ಷೆ ಪಡೆದ ಶರೀಫರ ಗದ್ದುಗೆಗೆ ಎರಡೂ ಕಡೆಯವರು ಕಾಯಿ ಒಡೆಸುತ್ತಾರೆ, ಸಕ್ಕರೆ ಓದಿಸುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನೂ ದೂದ್‌ಪೀರಾ ದರ್ಗಾವೂ ಒಂದೇ ಊರಿನಲ್ಲಿವೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಸಾವಿರ ವರ್ಷ ದಾಟಿ ನಿಂತಿದೆ. ಕಾಗಿನೆಲೆಯಲ್ಲಿ ಕನಕದಾಸರ ನೆಲೆಯಿದೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಚರ್ಚು ಕಟ್ಟಿದರು, ಕನ್ನಡ ಕಲಿತರು. ಇಷ್ಟೆಲ್ಲ ಒಂದು ದಿನದ ಬಸ್ ಪ್ರಯಾಣದ ದೂರದೊಳಗೆ ಇರುವಾಗ ನಮ್ಮ ಮಕ್ಕಳು ಧರ್ಮದ ಬಗ್ಗೆ ಓದುವುದು ಇತಿಹಾಸ ಪುಸ್ತಕದ ಎರಡು ಪ್ಯಾರಾಗಳಲ್ಲಿ ಮಾತ್ರ.

ಅಧ್ಯಯನದ ಪರಂಪರೆಯೂ ನಮಗೆ ಹೊಸತಲ್ಲ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲಿಕೆ ಮಾಡುತ್ತಲೇ ಮನೆಮನೆ ಅಲೆದು ವಚನಗಳ ಓಲೆಗರಿ ಕೂಡಿಸಿದರು. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದ ಗುರುದೇವ ರಾನಡೆಯವರು ಕನ್ನಡದ ಅನುಭಾವಿಗಳ ಬಗ್ಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ಉಪನ್ಯಾಸ ಮಾಲಿಕೆ ನೀಡಿದ್ದರು. 1949ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎಂ.ಎಂ. ಕಲಬುರ್ಗಿಯವರು ಶಾಸನ, ವಚನ, ಮಠಗಳ ಇತಿಹಾಸವನ್ನು ಆಧಾರ ಸಮೇತ ಬಗೆದು ತೋರಿಸಿದರು. ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣ ನಗರದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಈ ಸಾವಿನ ನಂತರ ಧರ್ಮದ ಬಗ್ಗೆ ಬಾಯಿ ತೆರೆಯುವುದೇ ಬೇಡ ಎಂಬ ಅಂಜಿಕೆ ನಮ್ಮ ಸ್ಟಾಫ್ ರೂಮುಗಳಲ್ಲಿ ಮನೆ ಮಾಡಿದೆ. ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಕಾಲೇಜಿನಲ್ಲಿ ಹರಕೆಯ ಮನಃಶಾಸ್ತ್ರ ಎಂಬ ವಿಷಯದ ಮೇಲೆ ವಿದ್ಯಾರ್ಥಿಗಳ ವಿಚಾರ ಸಂಕಿರಣ ಮಾಡಲು ಹೊರಟಾಗ, ಯಾರದಾದರೂ ಭಾವನೆಗೆ ಧಕ್ಕೆಯಾದರೆ ಹೊಣೆ ಯಾರು ಎಂದು ಕೇಳಿ ನಿಲ್ಲಿಸಿದರು. ಹೊಣೆಗೆ ಹೆದರಿ ನಾವು ಸುಮ್ಮನಾದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಅವರ ಮೊಬೈಲಿಗೆ ಬೆಳಗಿನಿಂದ ರಾತ್ರಿಯವರೆಗೆ ಧರ್ಮದ ಹೆಸರಿನಲ್ಲಿ ಏನೇನೋ ಬಂದು ಬೀಳುತ್ತದೆ. ಒಂದು ಹೇಳಿಕೆಗೆ ಮೂಲ ಯಾವುದು, ಆಧಾರ ಯಾವುದು ಎಂದು ಕೇಳುವ ಅಭ್ಯಾಸ ತರಗತಿಯಲ್ಲಿ ಬೆಳೆಯದಿದ್ದರೆ ಇನ್ನೆಲ್ಲಿ ಬೆಳೆಯಬೇಕು?

2018ರ ಮಾರ್ಚ್‌ನಲ್ಲಿ ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನಮಾನ ಕೊಡಬೇಕೆಂದು ರಾಜ್ಯ ಸರ್ಕಾರ ಶಿಫಾರಸು ಮಾಡಿದಾಗ ನಮ್ಮ ಕಾಲೇಜು ಆವರಣಗಳಲ್ಲಿ ಎಷ್ಟು ಬಿಸಿ ಮಾತು ನಡೆಯಿತು! ಅದರ ಪರವಾಗಿಯೂ ವಿರುದ್ಧವಾಗಿಯೂ ಗಂಟಲು ಹರಿದುಕೊಂಡ ಮಕ್ಕಳಲ್ಲಿ ಒಬ್ಬರಾದರೂ ಆ ಶಿಫಾರಸಿಗೆ ಆಧಾರವಾಗಿದ್ದ ತಜ್ಞರ ಸಮಿತಿಯ ವರದಿಯನ್ನು ಕೈಯಲ್ಲಿ ಹಿಡಿದು ಓದಿದ್ದನ್ನು ನಾನು ಕಾಣಲಿಲ್ಲ. ಅವರಿಗೆ ಹಾಗೆ ಓದುವುದನ್ನು ಯಾರು ಕಲಿಸಿದ್ದರು?

ಸಂವಿಧಾನ ಅಡ್ಡ ಬರುತ್ತದೆ ಎಂಬ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಅನುಚ್ಛೇದ 28 ಹೇಳುವುದು ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆ ಕೂಡದು ಎಂದು. ಧರ್ಮವನ್ನು ಅಧ್ಯಯನ ಮಾಡಕೂಡದು ಎಂದು ಅದು ಹೇಳುವುದಿಲ್ಲ. ಪಂಜಾಬಿನ ಡಿ.ಎ.ವಿ. ಕಾಲೇಜಿನ ಪ್ರಕರಣದಲ್ಲಿ 1971ರಲ್ಲಿಯೇ ಸುಪ್ರೀಂ ಕೋರ್ಟು, ಗುರು ನಾನಕರ ಬದುಕು ಮತ್ತು ಉಪದೇಶಗಳ ಅಧ್ಯಯನ ಧರ್ಮಬೋಧನೆಯಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಶಾಲಾ ಪಠ್ಯಕ್ರಮ ಕುರಿತ ಅರುಣಾ ರಾಯ್ ಪ್ರಕರಣದ 2002ರ ತೀರ್ಪು ಕೂಡ ಧರ್ಮಗಳ ಬಗ್ಗೆ ತಿಳಿಸುವ ಶಿಕ್ಷಣಕ್ಕೆ ಅಡ್ಡಿಯಿಲ್ಲವೆಂದು ಹೇಳಿತು. ಅದಕ್ಕೂ ಹಿಂದೆ ಹೋದರೆ, ವಿಶ್ವವಿದ್ಯಾಲಯ ಶಿಕ್ಷಣ ಕುರಿತ 1948–49ರ ರಾಧಾಕೃಷ್ಣನ್ ಆಯೋಗ ಪದವಿಯ ಮೂರು ವರ್ಷಕ್ಕೂ ಒಂದು ಹಂಚಿಕೆಯನ್ನೇ ಕೊಟ್ಟಿತ್ತು: ಮೊದಲ ವರ್ಷ ಬುದ್ಧ, ಯೇಸು, ಕಬೀರ, ನಾನಕರಂಥ ಮಹನೀಯರ ಬದುಕು, ಎರಡನೆಯ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷ ಧರ್ಮದ ತತ್ವಶಾಸ್ತ್ರದ ಮುಖ್ಯ ಪ್ರಶ್ನೆಗಳು. ಧರ್ಮಶಿಕ್ಷಣವೇ ಬೇರೆ, ಧರ್ಮಗಳ ಬಗೆಗಿನ ಶಿಕ್ಷಣವೇ ಬೇರೆ ಎಂದು 1964–66ರ ಕೊಠಾರಿ ಆಯೋಗವೂ ಬಿಡಿಸಿ ಹೇಳಿದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಿಂದ ಧರ್ಮಗಳ ಅಧ್ಯಯನಕ್ಕೇ ಒಂದು ಪ್ರತ್ಯೇಕ ವಿಭಾಗ ನಡೆಯುತ್ತಿದೆ. ಅಲ್ಲಿ ಆಗಿರುವುದು ಇಲ್ಲಿ ಆಗಬಾರದೇಕೆ?

ಈಗ ಮತ್ತೆ ಮನೋರೋಗದ ಕಡೆಗೆ ಬರುತ್ತೇನೆ, ಏಕೆಂದರೆ ಇದು ಜೀವದ ಪ್ರಶ್ನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಒಂದು ಗುಡಿಸಲು ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಅದೇ ವರ್ಷ ನಮ್ಮ ರಾಜ್ಯವೂ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ತಂದಿತು. ಕಾಯ್ದೆಗಳು ಬೇಕು. ಆದರೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವವನನ್ನು ತಡೆದು, ಅದೇ ಉಸಿರಿನಲ್ಲಿ ಆ ಮನೆಯವರ ಮನವೊಲಿಸಿ ದವಾಖಾನೆಗೆ ಕರೆತರುವ ಕೆಲಸವನ್ನು ಕಾಯ್ದೆ ಮಾಡುವುದಿಲ್ಲ. ಆ ಮನೆಯ ಭಾಷೆ ಬಲ್ಲವರು, ಆ ದೇವರ ಹೆಸರು ಬಲ್ಲವರು, ಜೊತೆಗೆ ರೋಗದ ಲಕ್ಷಣವನ್ನೂ ಬಲ್ಲವರು ಮಾಡಬೇಕು.

ದೇಗುಲವೆಂದರೆ ಬರೀ ಮೌಢ್ಯ ಎಂದು ತಳ್ಳಿಹಾಕುವವರಿಗೂ ನಾನು ಒಂದು ಅಧ್ಯಯನ ತೋರಿಸಬೇಕು. ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಗೆ ಬಂದು ತಂಗಿದ್ದ 31 ಮನೋರೋಗಿಗಳನ್ನು ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ, ಅಂದರೆ ವಾಸ್ತವದ ಅರಿವು ಕದಡುವ ತೀವ್ರ ಮನೋರೋಗ, ಇತ್ತು. ಅಲ್ಲಿ ಹೊಡೆತವಿಲ್ಲ, ಸರಪಳಿಯಿಲ್ಲ, ವಿಶೇಷ ಮಂತ್ರತಂತ್ರವೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಬೆಳಿಗ್ಗೆ ಪೂಜೆ, ಉಳಿದಂತೆ ಗುಡಿಯ ಅಂಗಳದ ಸಣ್ಣಪುಟ್ಟ ಕೆಲಸ. ಬಂದಾಗಿನ ಲಕ್ಷಣಗಳಿಗೆ ಹೋಲಿಸಿದರೆ ಹೊರಡುವಾಗ ಸರಾಸರಿ ಶೇಕಡಾ 20ರಷ್ಟು ಇಳಿಕೆ ಕಂಡಿತು. ಇದನ್ನು ದೇವರ ಪವಾಡ ಎಂದು ಸಾರುವವರೂ ತಪ್ಪು, ಓದದೆ ನಕ್ಕು ಬಿಡುವವರೂ ತಪ್ಪು. ತಮ್ಮವರ ನಡುವೆ, ಯಾರೂ ಹೊರಗಟ್ಟದ ಜಾಗದಲ್ಲಿ ಇರುವುದು ಮನಸ್ಸಿಗೆ ಏನು ಮಾಡುತ್ತದೆ? ಔಷಧ ಸಿಕ್ಕಿದ್ದರೆ ಇನ್ನೂ ಎಷ್ಟು ಗುಣವಾಗುತ್ತಿತ್ತು? ಹೋಲಿಕೆಯ ಗುಂಪಿಲ್ಲದ ಅಧ್ಯಯನದಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು? ಅಂತಿಮ ವರ್ಷದ ವಿದ್ಯಾರ್ಥಿಗಳು ವಾರಗಟ್ಟಲೆ ಚರ್ಚಿಸಬಹುದಾದ ವಸ್ತು ಇದು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರೂ ಮನೋವೈದ್ಯರೂ ಕೈಜೋಡಿಸಿ ದುವಾದ (ಪ್ರಾರ್ಥನೆಯ) ಜೊತೆಗೆ ದವಾ (ಔಷಧ) ಕೊಡುವ ವ್ಯವಸ್ಥೆ ಮಾಡಿದ್ದನ್ನೂ ಅವರು ಓದಬೇಕು. ನಮ್ಮ ಜಿಲ್ಲೆಗಳಲ್ಲಿ ಅಂಥದ್ದು ಸಾಧ್ಯವೇ ಎಂದು ಅವರೇ ಯೋಚಿಸಲಿ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ, ಬಹುಪಾಲು ಜನಕ್ಕೆ ಚಿಕಿತ್ಸೆ ದಕ್ಕುತ್ತಿಲ್ಲ. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ನನ್ನ ತರಗತಿಯ ಮಕ್ಕಳಿಗೇ ಆ ಸಂಖ್ಯೆ ಗೊತ್ತಿರುವುದಿಲ್ಲ, ಅವರ ಅವ್ವ ಅಪ್ಪನ ಮಾತು ದೂರವೇ ಉಳಿಯಿತು.

ದುಃಖದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಠ್ಯದಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಅವರ ಐದು ಹಂತಗಳು ಬರುತ್ತವೆ: ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ. ಮಕ್ಕಳು ಉರು ಹೊಡೆದು ಬರೆಯುತ್ತಾರೆ. ಆ ಹಂತಗಳು ಸಾವಿನಂಚಿನ ರೋಗಿಗಳ ಜೊತೆಗಿನ ಮಾತುಕತೆಯಿಂದ ಬಂದವು, ಸತ್ತವರ ಮನೆಯವರಿಗೆ ಅವನ್ನು ಅನ್ವಯಿಸಿದ್ದು ಆಮೇಲೆ ಎಂಬುದು ಹೆಚ್ಚಿನ ನೋಟ್ಸುಗಳಲ್ಲಿ ಇರುವುದಿಲ್ಲ. ಹಾಗೆ ನೋಡಿದರೆ ಮನೆಯವರ ದುಃಖವನ್ನು ಸಂಭಾಳಿಸುವ ಕ್ರಮಗಳು ಈ ಮಕ್ಕಳ ಮನೆಗಳಲ್ಲಿಯೇ ಇವೆ. ಲಿಂಗಾಯತರ ಮನೆಯ ಶಿವಗಣಾರಾಧನೆ, ಬ್ರಾಹ್ಮಣರ ಮನೆಯ ಹದಿಮೂರನೆಯ ದಿನ, ಮುಸ್ಲಿಮರ ಮನೆಯ ನಲವತ್ತನೆಯ ದಿನ, ಊರ ಭಜನಾ ಮೇಳದವರು ಇಡೀ ರಾತ್ರಿ ಹೆಣದ ಮುಂದೆ ಹಾಡುವ ಪದ್ಧತಿ. 2021ರ ಕೋವಿಡ್ ಅಲೆಯಲ್ಲಿ ಇವು ಯಾವುವೂ ನಡೆಯದೆ ಹೋದವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹದ ಮುಖವನ್ನೂ ನೋಡಲಾಗದೆ ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿನಿಯೊಬ್ಬಳು ಆ ಪಾಠದ ದಿನ ಕೇಳಿದ್ದು ಇಷ್ಟೇ: "ಮೇಡಂ, ಆಗಬೇಕಾದ ಕಾರ್ಯ ಆಗದೆ ಹೋದರೆ ಯಾವ ಹಂತ?" ದುಃಖದ ಮನಃಶಾಸ್ತ್ರವನ್ನೂ ಶವಸಂಸ್ಕಾರದ ಅರ್ಥವನ್ನೂ ಒಟ್ಟಿಗೆ ಓದಿದವರು ಮಾತ್ರ ಆ ಹುಡುಗಿಯ ಪಕ್ಕ ಕುಳಿತು ಮಾತನಾಡಬಲ್ಲರು.

ಪಠ್ಯಕ್ರಮ ಬದಲಿಸುವುದು ಕಷ್ಟ ಎಂದು ದಯವಿಟ್ಟು ಹೇಳಬೇಡಿ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ತಂದಿರಿ, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದಿರಿ. ಎರಡು ಸಲವೂ ನಾವು ಅಧ್ಯಾಪಕರು ಹೊಸ ಪತ್ರಿಕೆಗಳಿಗೆ ಹೊಂದಿಕೊಂಡೆವು, ಮಕ್ಕಳೂ ಹೊಂದಿಕೊಂಡರು. ಅಷ್ಟು ದೊಡ್ಡ ಬದಲಾವಣೆ ಆಗುವುದಾದರೆ ಒಂದು ಐಚ್ಛಿಕ ವಿಷಯ ಸೇರಿಸುವುದು ಆಗದ ಕೆಲಸವೇನಲ್ಲ.

ಏನು ಕಲಿಸಬೇಕು ಎಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಪ್ರವಚನ ಬೇಡ. ಯಾವ ಮಠದ, ಮಸೀದಿಯ, ಚರ್ಚಿನ ಪ್ರಚಾರವೂ ಬೇಡ, ಯಾರ ನಂಬಿಕೆಯನ್ನೂ ಹಳಿಯುವ ಪಾಠವೂ ಬೇಡ. ಮೊದಲ ವರ್ಷ ಸುತ್ತಲಿನ ಧರ್ಮಗಳ ಇತಿಹಾಸವನ್ನು ಶಾಸನ, ವಚನ, ಕೀರ್ತನೆ, ತತ್ವಪದ, ಧರ್ಮಗ್ರಂಥಗಳ ಮೂಲದಿಂದಲೇ ಓದಿಸಿ. ಆಮೇಲೆ ಧರ್ಮದ ಮನಃಶಾಸ್ತ್ರ ಬರಲಿ: ಭಕ್ತಿ, ಭಯ, ಅಪರಾಧ ಪ್ರಜ್ಞೆ, ಧ್ಯಾನ, ಮೈಮೇಲೆ ಬರುವುದು, ಗುಂಪಿನ ಒತ್ತಡ, ಪೂರ್ವಗ್ರಹ. ಕೊನೆಯ ವರ್ಷದ ಕ್ಷೇತ್ರಕಾರ್ಯದಲ್ಲಿ ವಿದ್ಯಾರ್ಥಿ ತನ್ನದಲ್ಲದ ಧರ್ಮದ ಒಂದು ಆಚರಣೆಯನ್ನು, ಆ ಜನರ ಒಪ್ಪಿಗೆ ಪಡೆದು, ಗಮನಿಸಿ ಬರೆಯಬೇಕು. ತನ್ನದಲ್ಲದ ಎಂಬ ಷರತ್ತು ನನಗೆ ಬಹಳ ಮುಖ್ಯ. ನರಗುಂದದ ಹುಡುಗಿ ರಂಜಾನ್ ತಿಂಗಳ ಉಪವಾಸದ ಬಗ್ಗೆ ಬರೆಯಲಿ, ಹಾನಗಲ್ಲಿನ ಮುಸ್ಲಿಂ ಹುಡುಗ ಶ್ರಾವಣ ಮಾಸದ ಪುರಾಣ ಪ್ರವಚನಕ್ಕೆ ಹೋಗಿ ಕುಳಿತು ಬರೆಯಲಿ. ಪರೀಕ್ಷೆಯಲ್ಲಿ "ಹರಕೆ ಹೊರುವುದರಿಂದ ಆತಂಕ ಕಡಿಮೆಯಾಗುತ್ತದೆ ಎಂಬ ಹೇಳಿಕೆಯನ್ನು ಹೇಗೆ ಪರೀಕ್ಷಿಸುವಿರಿ?" ಎಂಬಂಥ ಪ್ರಶ್ನೆ ಇರಲಿ. ಇದಕ್ಕೆ ಆಸ್ತಿಕನೂ ಉತ್ತರ ಬರೆಯಬಲ್ಲ, ನಾಸ್ತಿಕನೂ ಬರೆಯಬಲ್ಲ.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಪಾಲಕರು ಕೇಳುತ್ತಾರೆ, ಅವರಿಗೆ ಸುಳ್ಳು ಹೇಳಬಾರದು. ಬಿ.ಎ. ಮನಃಶಾಸ್ತ್ರ ಓದಿದವರು ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವುದಿಲ್ಲ. ಅದಕ್ಕೆ ಸ್ನಾತಕೋತ್ತರ ಪದವಿ, ಮೇಲೆ ವೃತ್ತಿ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಪದವಿ ಮುಗಿಸಿ ಬೋರ್ಡು ಹಾಕಿಕೊಂಡು ಆಪ್ತಸಮಾಲೋಚನೆ ಶುರು ಮಾಡುವವರಿಂದ ಅಪಾಯವೇ ಹೆಚ್ಚು, ಇದನ್ನು ಮೊದಲ ದಿನದ ತರಗತಿಯಲ್ಲಿಯೇ ಹೇಳಬೇಕು. ಆದರೆ ಶಿಕ್ಷಕಿಯಾಗುವವಳಿಗೆ, ಅಂಗನವಾಡಿ ಮೇಲ್ವಿಚಾರಕಿಗೆ, ಪೊಲೀಸ್ ಪೇದೆಗೆ, ಪತ್ರಕರ್ತನಿಗೆ, ಗ್ರಾಮ ಪಂಚಾಯಿತಿ ಸದಸ್ಯನಿಗೆ ಈ ಎರಡು ವಿಷಯಗಳ ಓದು ದಿನವೂ ಕೆಲಸಕ್ಕೆ ಬರುತ್ತದೆ. ಯಾರನ್ನು ಯಾವಾಗ ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ಹಳ್ಳಿಯಲ್ಲಿ ಮೊದಲು ಗುರುತಿಸಬೇಕಾದವರು ಇವರೇ.

ಇನ್ನೊಂದು ಕಾರಣಕ್ಕೂ ತಡ ಮಾಡುವ ಹಾಗಿಲ್ಲ. 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ನಿರ್ಧರಿಸಿದೆ. ಆರೋಗ್ಯಕ್ಕೆ ಸಂಬಂಧಿಸಿದ ವಿಷಯವನ್ನು ಎದುರಿಗೆ ಕೂರಿಸಿಕೊಂಡೇ ಕಲಿಸಬೇಕೆಂಬ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಮದುವೆಯಾಗಿ, ಹೊಲಮನೆ ನೋಡಿಕೊಂಡು, ಮನೆಯಲ್ಲಿ ಕುಳಿತೇ ಓದುತ್ತಿದ್ದ ಹೆಣ್ಣುಮಕ್ಕಳಿಗೆ ಒಂದು ಬಾಗಿಲು ಮುಚ್ಚಿತು. ಹತ್ತಿರದ ತಾಲ್ಲೂಕು ಕಾಲೇಜಿನಲ್ಲಿ ಈ ವಿಷಯ ಇಲ್ಲದಿದ್ದರೆ ಅವರು ಎಲ್ಲಿಗೆ ಹೋಗಬೇಕು? 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಅವರಿಗೆ ಉಚಿತ. ರೋಣ, ಮುಂಡರಗಿ, ಶಿರಹಟ್ಟಿ, ರಾಣೆಬೆನ್ನೂರು, ಕಲಘಟಗಿಯಲ್ಲಿ ಬಸ್ ಇಳಿದರೆ ಹೋಗಿ ಕೂರಲು ಒಂದು ತರಗತಿಯಿರಲಿ.

ತರಗತಿಗೆ ಅಧ್ಯಾಪಕರೂ ಬೇಕು. ಸೆಮಿಸ್ಟರು ಅರ್ಧ ಮುಗಿದ ಮೇಲೆ ಅತಿಥಿ ಉಪನ್ಯಾಸಕರನ್ನು ನೇಮಿಸಿ, ರಜೆ ಬಂದ ಕೂಡಲೇ ಬಿಡಿಸಿ, ಮರುವರ್ಷ ಮತ್ತೆ ಕೌನ್ಸೆಲಿಂಗ್‌ಗೆ ನಿಲ್ಲಿಸುವ ಪದ್ಧತಿಯಲ್ಲಿ ಇಂಥ ವಿಷಯ ಬೇರು ಬಿಡುವುದಿಲ್ಲ. ಮೈಮೇಲೆ ದೇವರು ಬರುವ ಚಿಗವ್ವನ ಬಗ್ಗೆ ಮಕ್ಕಳು ಬಾಯಿ ಬಿಡಬೇಕಾದರೆ ಎದುರಿಗೆ ನಿಂತವರು ಮುಂದಿನ ವರ್ಷವೂ ಅಲ್ಲಿಯೇ ಇರುತ್ತಾರೆ ಎಂಬ ಭರವಸೆ ಬೇಕು. ತತ್ವಶಾಸ್ತ್ರ, ಇತಿಹಾಸ, ಕನ್ನಡ, ಮನಃಶಾಸ್ತ್ರ ವಿಭಾಗಗಳ ಕಾಯಂ ಅಧ್ಯಾಪಕರಿಗೆ ಒಂದು ಬೇಸಿಗೆಯ ತರಬೇತಿ ಕೊಟ್ಟರೆ ಮೊದಲ ತಂಡ ಸಿದ್ಧವಾಗುತ್ತದೆ. ಮನೋವೈದ್ಯಕೀಯ ಭಾಗಕ್ಕೆ ಡಿಮ್ಹಾನ್ಸ್ ತಜ್ಞರ ನೆರವು ಕೇಳಿ. ಕನ್ನಡದಲ್ಲಿ ಪಠ್ಯ ಬರೆಸಲು ವಿಶ್ವವಿದ್ಯಾಲಯದ ಪ್ರಸಾರಾಂಗವಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮುಂದಿನ ಅಧ್ಯಯನ ಮಂಡಳಿಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ. ಮನಃಶಾಸ್ತ್ರ ಮತ್ತು ತತ್ವಶಾಸ್ತ್ರದ ಮಂಡಳಿಗಳನ್ನು ಒಟ್ಟಿಗೆ ಕೂರಿಸಿ. ಮೂರು ಜಿಲ್ಲೆಗಳಲ್ಲಿ ತಲಾ ಒಂದು ಸರ್ಕಾರಿ ಕಾಲೇಜನ್ನು ಪ್ರಾಯೋಗಿಕವಾಗಿ ಆರಿಸಿ. ಮೂರು ವರ್ಷದ ಪಠ್ಯದ ಕರಡು, ಓದಬೇಕಾದ ಕನ್ನಡ ಸಾಮಗ್ರಿಯ ಪಟ್ಟಿ, ಕ್ಷೇತ್ರಕಾರ್ಯದ ನಿಯಮಾವಳಿ ನನ್ನ ಬಳಿ ಸಿದ್ಧವಾಗಿವೆ, ಕರೆದ ದಿನ ತಂದು ಒಪ್ಪಿಸುತ್ತೇನೆ. ಆಗುವುದಿಲ್ಲ ಎಂಬುದೇ ತಮ್ಮ ತೀರ್ಮಾನವಾದರೆ ಕಾರಣವನ್ನು ಬರವಣಿಗೆಯಲ್ಲಿ, ಕನ್ನಡದಲ್ಲಿ ತಿಳಿಸಿ. ಅದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕಾಗಿದೆ.

ತಮ್ಮ ವಿಶ್ವಾಸಿ,
ಮನಃಶಾಸ್ತ್ರದ ಒಬ್ಬ ಅಧ್ಯಾಪಕಿ
ಗದಗ